ತುಡುವೆ ಪೆಟ್ಟಿಗೆಯಲ್ಲಿ ಮರಿ ಸಾಯುತ್ತಿವೆ, ಟೆರಾಮೈಸಿನ್ ಕೊಡಲಾ?

ಪ್ರಶ್ನೆ: "ನಮ್ಮದು ಸಿದ್ದಾಪುರ ತಾಲೂಕು, ಅಡಿಕೆ ತೋಟ. ಆರು ವರ್ಷದಿಂದ ತುಡುವೆ ಜೇನು ಸಾಕಿದ್ದೇನೆ. ಹನ್ನೆರಡು ಪೆಟ್ಟಿಗೆ ಇದ್ದವು. ದೀಪಾವಳಿ ಕಳೆದ ಮೇಲೆ ಒಂದು ಪೆಟ್ಟಿಗೆಯಲ್ಲಿ ಮರಿಗಳು ಕಣದೊಳಗೇ ತಲೆ ಎತ್ತಿಕೊಂಡು ಸತ್ತಿದ್ದವು. ಕುಟುಂಬ ಸೊರಗಿತಲ್ಲ ಅಂತ ಪಕ್ಕದ ಗಟ್ಟಿ ಪೆಟ್ಟಿಗೆಯಿಂದ ಎರಡು ಮರಿ ಎರಿ ತೆಗೆದು ಇದಕ್ಕೆ ಕೊಟ್ಟೆ, ಇದರ ಎರಡು ಎರಿ ಅದಕ್ಕೆ ಹಾಕಿದೆ. ಈಗ ಐದು ಪೆಟ್ಟಿಗೆಯಲ್ಲಿ ಅದೇ ಕಥೆ, ಬೇರೆ ಎರಡು ಖಾಲಿ ಮಾಡಿ ಹಾರಿಹೋದವು. ಒಬ್ಬರು ಸಕ್ಕರೆ ಪಾಕದಲ್ಲಿ ಟೆರಾಮೈಸಿನ್ ಕೊಡಿ ಅನ್ನುತ್ತಾರೆ, ಇನ್ನೊಬ್ಬರು ಅರಿಶಿನ ಉದುರಿಸಿ ಅನ್ನುತ್ತಾರೆ. ಅಮೆರಿಕದಲ್ಲಿ ಜೇನಿಗೆ ಲಸಿಕೆ ಬಂದಿದೆ ಅಂತ ಮಗ ಮೊಬೈಲಿನಲ್ಲಿ ತೋರಿಸಿದ. ನಮಗೂ ಸಿಗುತ್ತದಾ? ಅಷ್ಟಕ್ಕೂ ಹುಳಗಳಿಗೆ ರೋಗನಿರೋಧಕ ಶಕ್ತಿ ಅಂತ ಇರುತ್ತದಾ? ಈ ಪೆಟ್ಟಿಗೆಗಳ ಜೇನುತುಪ್ಪ ತಿನ್ನಬಹುದಾ? ಬೇರೆ ಜಿಲ್ಲೆಯಿಂದ ಹತ್ತು ಪೆಟ್ಟಿಗೆ ತರಿಸುವ ಯೋಚನೆಯೂ ಇದೆ."

ಉತ್ತರ: ಟೆರಾಮೈಸಿನ್ ಕೊಡಬೇಡಿ. ಇನ್ನೂ ಕೊಟ್ಟಿಲ್ಲ ಅಂದುಕೊಂಡು ಬರೆಯುತ್ತಿದ್ದೇನೆ. ಹತ್ತು ಪೆಟ್ಟಿಗೆಯ ಮುಂಗಡವನ್ನೂ ಸದ್ಯ ಕೊಡಬೇಡಿ. ಉಳಿದದ್ದನ್ನು ನಿಧಾನಕ್ಕೆ ಹೇಳುತ್ತೇನೆ.

ನೀವು ಹೇಳಿದ ಲಕ್ಷಣ ನೋಡಿದರೆ ಇದು ಥಾಯ್ ಸ್ಯಾಕ್‌ಬ್ರೂಡ್. ಆದರೂ ಒಮ್ಮೆ ಖಾತ್ರಿ ಮಾಡಿಕೊಳ್ಳಿ, ಐದು ನಿಮಿಷದ ಕೆಲಸ. ಸತ್ತ ಮರಿ ಇರುವ ಎರಿಯನ್ನು ಬಿಸಿಲಿಗೆ ಹಿಡಿದು, ಸಣ್ಣ ಚಿಮಟದಲ್ಲಿ ಒಂದು ಮರಿಯನ್ನು ತಲೆ ಕಡೆಯಿಂದ ಮೆಲ್ಲಗೆ ಎತ್ತಿ. ಒಡೆಯದೆ ಇಡೀ ಎದ್ದು ಬಂದು, ಕೆಳತುದಿಯಲ್ಲಿ ನೀರು ತುಂಬಿದ ಪುಟ್ಟ ಚೀಲದ ಹಾಗೆ ಜೋತುಬಿದ್ದರೆ ಅನುಮಾನವೇ ಬೇಡ. ಸ್ಯಾಕ್ ಅಂದರೆ ಆ ಚೀಲವೇ. ಮರಿ ಕೊನೆಯ ಸಲ ಪೊರೆ ಕಳಚಬೇಕಾದ ಹೊತ್ತಿಗೆ ಕಳಚಲಾಗದೆ ಸಾಯುತ್ತದೆ, ಹಳೆ ಪೊರೆಗೂ ಮೈಗೂ ನಡುವೆ ನೀರು ನಿಲ್ಲುತ್ತದೆ. ಮೊದಲು ಬೆಳ್ಳಗೆ, ಆಮೇಲೆ ಬೂದು, ಕಂದು, ಕೊನೆಗೆ ಒಣಗಿ ದೋಣಿಯ ಹಾಗೆ ತುದಿ ಎತ್ತಿದ ಕಪ್ಪು ಸಿಪ್ಪೆ. ಮರಿ ಚಿಕ್ಕದಿರುವಾಗಲೇ ಸುರುಳಿಯಾಗಿ, ಹಳದಿಯಾಗಿ, ಹುಳಿ ವಾಸನೆ ಬಂದು ಸತ್ತಿದ್ದರೆ ಅದು ಬೇರೆ ರೋಗ, ಬ್ಯಾಕ್ಟೀರಿಯಾದ್ದು. ಹಾಗಿದ್ದರೆ ಈ ಉತ್ತರ ನಿಮಗಲ್ಲ, ಎರಿಯ ತುಂಡು ಹಿಡಿದುಕೊಂಡು ತೋಟಗಾರಿಕೆ ಇಲಾಖೆಗೋ ಕೃಷಿ ವಿಶ್ವವಿದ್ಯಾಲಯಕ್ಕೋ ಹೋಗಿ.

ಥಾಯ್ ಸ್ಯಾಕ್‌ಬ್ರೂಡ್ ವೈರಸ್. 1976ರಲ್ಲಿ ಥಾಯ್ಲೆಂಡಿನಲ್ಲಿ ಮೊದಲು ಗುರುತಿಸಿದ್ದಕ್ಕೆ ಆ ಹೆಸರು. ದಕ್ಷಿಣ ಭಾರತಕ್ಕೆ ಬಂದದ್ದು 1991–92ರಲ್ಲಿ. ನಿಮ್ಮೂರಿನ ಹಿರಿಯ ಜೇನು ಸಾಕುವವರನ್ನು ಕೇಳಿ ನೋಡಿ, ಆ ವರ್ಷಗಳನ್ನು ಅವರು ಮರೆತಿರುವುದಿಲ್ಲ. ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡ, ಕೇರಳ, ಹೀಗೆ ಸಾಲಾಗಿ ತುಡುವೆ ಕುಟುಂಬಗಳಲ್ಲಿ ಶೇ. 90ರಷ್ಟು ಹೋದವು. ಜಗಲಿಯ ಕೆಳಗೆ ಖಾಲಿ ಪೆಟ್ಟಿಗೆ ಒಂದರ ಮೇಲೊಂದು ಪೇರಿಸಿಟ್ಟ ಮನೆಗಳನ್ನು ನಾನು ನೋಡಿದ್ದೇನೆ. ಒಂದು ಮನೆಯಲ್ಲಿ ಅದರಲ್ಲೇ ಕೋಳಿ ಕಾವು ಕೂರಿಸಿದ್ದರು.

ಇಲ್ಲಿ ಒಂದು ವಿಷಯ ಗಮನಿಸಿ. ಅಂಥ ಹೊಡೆತ ಬಿದ್ದ ಮೇಲೂ ತುಡುವೆ ಜೇನು ನಿರ್ನಾಮ ಆಗಲಿಲ್ಲ, ಅಲ್ವಾ? ಇವತ್ತು ನಿಮ್ಮ ತೋಟದಲ್ಲಿರುವುದು ಆಗ ಉಳಿದ ಆ ಹತ್ತು ಪಾಲಿನ ಮೊಮ್ಮಕ್ಕಳು. ಅವನ್ನು ಉಳಿಸಿದ್ದು ಯಾವ ಔಷಧಿಯೂ ಅಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಹುಳಗಳಿಗೆ ರೋಗನಿರೋಧಕ ಶಕ್ತಿ ಖಂಡಿತ ಇದೆ, ನಮ್ಮದರ ಥರ ಅಲ್ಲ ಅಷ್ಟೇ. ನಮ್ಮ ರಕ್ತದಲ್ಲಿರುವಂಥ ಪ್ರತಿಕಾಯಗಳು ಅವಕ್ಕಿಲ್ಲ. ಬದಲಿಗೆ ಗಟ್ಟಿ ಹೊರಕವಚ ಇದೆ, ಕ್ರಿಮಿಗಳನ್ನು ನುಂಗುವ ರಕ್ತಕಣಗಳಿವೆ, ಬ್ಯಾಕ್ಟೀರಿಯಾ ಕೊಲ್ಲುವ ಸಣ್ಣ ಸಣ್ಣ ಪ್ರೋಟೀನುಗಳಿವೆ. ರೇಷ್ಮೆ ಸಾಕುವ ನೆಂಟರಿದ್ದರೆ ಕೇಳಿ. ಊಜಿ ನೊಣ ರೇಷ್ಮೆ ಹುಳುವಿನ ಮೇಲೆ ಮೊಟ್ಟೆ ಇಟ್ಟು, ಅದರ ಮರಿ ಚರ್ಮ ಕೊರೆದು ಒಳಗೆ ಹೋದ ಜಾಗದಲ್ಲಿ ಒಂದು ಕಪ್ಪು ಚುಕ್ಕೆ ಕಾಣುತ್ತದೆ. 1980ರಲ್ಲಿ ಊಜಿ ಕರ್ನಾಟಕಕ್ಕೆ ಕಾಲಿಟ್ಟಾಗಿನಿಂದ ರೈತರು ಆ ಚುಕ್ಕೆ ನೋಡಿಯೇ ಹುಳು ಆರಿಸಿ ಹೊರಗೆ ಹಾಕುತ್ತಿದ್ದಾರೆ. ಆ ಕಪ್ಪು ಊಜಿಯ ಕೊಳೆ ಅಲ್ಲ, ರೇಷ್ಮೆ ಹುಳುವಿನದ್ದೇ ರಕ್ಷಣೆ. ಗಾಯ ಆದ ಕಡೆ ಅದರ ರಕ್ತ ಕಪ್ಪಗೆ ಗಟ್ಟಿಯಾಗಿ ಒಳಗೆ ಬಂದವನ ಸುತ್ತ ಗೋಡೆ ಕಟ್ಟಲು ನೋಡುತ್ತದೆ. ಊಜಿ ಮರಿ ಮಹಾ ಕಿಲಾಡಿ, ಆ ಗೋಡೆಯನ್ನೇ ಕೊಳವೆ ಮಾಡಿಕೊಂಡು ಅದರ ಮೂಲಕ ಉಸಿರಾಡುತ್ತದೆ!

ವೈರಸ್ ವಿರುದ್ಧ ಇನ್ನೊಂದು ದಾರಿ ಇದೆ. ವೈರಸ್ಸಿನ ಆರ್‌ಎನ್‌ಎಯನ್ನು ಗುರುತಿಸಿ ಕತ್ತರಿಸಿ ಹಾಕುವ ವ್ಯವಸ್ಥೆ ಹುಳಗಳ ಜೀವಕೋಶದೊಳಗೇ ಇದೆ. ಇದನ್ನು ಚುರುಕು ಮಾಡಲು ತಯಾರಿಸಿದ ಆರ್‌ಎನ್‌ಎಯನ್ನು ತುಡುವೆ ಮರಿಗಳಿಗೆ ತಿನ್ನಿಸಿ ಚೀನಾದ ಪ್ರಯೋಗಾಲಯದಲ್ಲಿ ಸ್ವಲ್ಪ ಫಲ ಕಂಡಿದ್ದಾರೆ. ಆದರೆ ನಿಮ್ಮ ತೋಟಕ್ಕೆ ತಂದು ಕೊಡುವ ಬಾಟಲಿಯಲ್ಲಿ ಅದು ಇಲ್ಲ.

ನಿಮ್ಮ ಮಗ ತೋರಿಸಿದ ಸುದ್ದಿ ಸುಳ್ಳಲ್ಲ. 2023ರ ಜನವರಿಯಲ್ಲಿ ಅಮೆರಿಕದ ಕೃಷಿ ಇಲಾಖೆ ಜೇನಿನ ಲಸಿಕೆಯೊಂದಕ್ಕೆ ಷರತ್ತಿನ ಪರವಾನಗಿ ಕೊಟ್ಟಿತು. ಸೂಜಿ ಗೀಜಿ ಏನಿಲ್ಲ. ಕೊಂದ ಬ್ಯಾಕ್ಟೀರಿಯಾವನ್ನು ರಾಣಿಯ ಮೇವಿನಲ್ಲಿ ಬೆರೆಸುತ್ತಾರೆ, ಅದರ ಚೂರುಗಳು ಮೊಟ್ಟೆಗೆ ಹೋಗುವ ಪ್ರೋಟೀನಿಗೆ ಅಂಟಿಕೊಂಡು ಅಂಡಾಶಯ ಸೇರುತ್ತವೆ, ಹುಟ್ಟುವ ಮರಿ ಮೊದಲೇ ಎಚ್ಚರಗೊಂಡು ಹುಟ್ಟುತ್ತದೆ. ಕೇಳಲು ಚೆನ್ನಾಗಿದೆ, ವಿಜ್ಞಾನವೂ ಗಟ್ಟಿ. ಆದರೆ ಅದು ಅಮೆರಿಕನ್ ಫೌಲ್‌ಬ್ರೂಡ್ ಅನ್ನುವ ಬ್ಯಾಕ್ಟೀರಿಯಾ ರೋಗಕ್ಕೆ, ಅಲ್ಲಿ ಸಾಕುವ ಮೆಲ್ಲಿಫೆರಾ ಅನ್ನುವ ಬೇರೆ ಜಾತಿಯ ಜೇನಿಗೆ. ನಿಮ್ಮ ಪೆಟ್ಟಿಗೆಯಲ್ಲಿ ರೋಗವೂ ಬೇರೆ, ಜೇನುನೊಣವೂ ಬೇರೆ.

ಟೆರಾಮೈಸಿನ್ ವಿಷಯಕ್ಕೆ ಬರೋಣ. ಅದು ಬ್ಯಾಕ್ಟೀರಿಯಾ ಕೊಲ್ಲುವ ಔಷಧಿ, ವೈರಸ್ಸಿಗೆ ಏನೂ ಮಾಡುವುದಿಲ್ಲ. ಸುಮ್ನೆ ದುಡ್ಡು ದಂಡ ಅಂತಷ್ಟೇ ಆಗಿದ್ದರೆ ನಾನು ಇಷ್ಟು ಗಟ್ಟಿಯಾಗಿ ಬೇಡ ಅನ್ನುತ್ತಿರಲಿಲ್ಲ. ನೊಣದ ಕರುಳಿನಲ್ಲಿ ಅದರದ್ದೇ ಒಳ್ಳೆಯ ಬ್ಯಾಕ್ಟೀರಿಯಾಗಳಿವೆ, ಔಷಧಿ ಮೊದಲು ಕೊಲ್ಲುವುದು ಅವನ್ನು. ಬಂಬಲ್ ಬೀ ಅಂತ ಒಂದು ದುಂಡನೆಯ, ಮೈತುಂಬ ರೋಮದ ಜೇನು ಇದೆ. ನಮ್ಮಲ್ಲಿಲ್ಲ, ಹಿಮಾಲಯದಲ್ಲಿದೆ, ಯುರೋಪಿನಲ್ಲಿ ಜಾಸ್ತಿ. (ನಿಮ್ಮ ಮನೆಯ ಪಕಾಸಿಗೆ ತೂತು ಕೊರೆಯುವ ಕರಿ ದುಂಬಿ ಅದಲ್ಲ, ಅದು ಬಡಗಿ ಜೇನು. ಈ ಗೊಂದಲ ಇಟ್ಟುಕೊಂಡು ನನಗೆ ವಾರಕ್ಕೊಂದು ಫೋಟೋ ಬರುತ್ತದೆ.) ಆ ಬಂಬಲ್ ಬೀಯ ಕರುಳಿನಲ್ಲಿ ಕ್ರಿಥಿಡಿಯಾ ಅಂತ ಒಂದು ಪರಾವಲಂಬಿ ಸೇರಿಕೊಳ್ಳುತ್ತದೆ. ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು 2011ರಲ್ಲಿ ತೋರಿಸಿಕೊಟ್ಟದ್ದೇನೆಂದರೆ, ಹುಟ್ಟಿದ ನೊಣಕ್ಕೆ ಗೂಡಿನ ಇತರ ನೊಣಗಳ ಹಿಕ್ಕೆಯ ಮೂಲಕ ಕರುಳಿನ ಬ್ಯಾಕ್ಟೀರಿಯಾ ಸಿಕ್ಕಿದರೆ ಪರಾವಲಂಬಿ ಅಷ್ಟು ಬೆಳೆಯುವುದಿಲ್ಲ, ಸಿಗದಿದ್ದರೆ ವಿಪರೀತ ಬೆಳೆಯುತ್ತದೆ. ಹಿಕ್ಕೆ ತಿಂದು ಬರುವ ರಕ್ಷಣೆ! ಆಮೇಲೆ 2017ರಲ್ಲಿ ಅಮೆರಿಕದಲ್ಲಿ ಜೇನುನೊಣಗಳಿಗೆ ಟೆರಾಮೈಸಿನ್ ಗುಂಪಿನದ್ದೇ ಆದ ಟೆಟ್ರಾಸೈಕ್ಲಿನ್ ಕೊಟ್ಟು ನೋಡಿದರು. ಕರುಳಿನ ಬ್ಯಾಕ್ಟೀರಿಯಾ ಕುಸಿದವು, ಆ ನೊಣಗಳು ಬೇರೆಯವಕ್ಕಿಂತ ಬೇಗ ಸತ್ತವು. ಅಂದರೆ ಔಷಧಿ ಕೊಟ್ಟು ನೀವು ಇರುವ ರಕ್ಷಣೆಯನ್ನೂ ಕಿತ್ತುಕೊಂಡ ಹಾಗೆ. ಮೇಲೆ ತುಪ್ಪದಲ್ಲಿ ಔಷಧಿಯ ಅಂಶ ಉಳಿಯುತ್ತದೆ, ಪರೀಕ್ಷೆಗೆ ಹೋದರೆ ಸಿಕ್ಕಿಬೀಳುತ್ತದೆ.

ಅರಿಶಿನ ಉದುರಿಸಿದರೆ ನೊಣಗಳು ಮೈ ಕೊಡವಿಕೊಂಡು ಓಡಾಡುತ್ತವೆ, ಏನೋ ಆಗುತ್ತಿದೆ ಅಂತ ನಮಗೆ ಸಮಾಧಾನ. ರೋಗ ಇರುವುದು ಮರಿಯ ಮೈಯೊಳಗೆ, ಅಲ್ಲಿಗೆ ಅರಿಶಿನ ಹೋಗುವುದಿಲ್ಲ. "ಅರಿಶಿನ ಹಾಕಿದೆ, ವಾಸಿಯಾಯಿತು" ಅನ್ನುವವರು ಸುಳ್ಳು ಹೇಳುತ್ತಿಲ್ಲ. ಹೂವು ಚೆನ್ನಾಗಿ ಬಂದಾಗ, ರಾಣಿ ಸ್ವಲ್ಪ ದಿನ ಮೊಟ್ಟೆ ನಿಲ್ಲಿಸಿದಾಗ ಕೆಲವು ಕುಟುಂಬ ತಾವಾಗಿಯೇ ಚೇತರಿಸಿಕೊಳ್ಳುತ್ತವೆ. ಆ ಹೆಸರು ಅರಿಶಿನಕ್ಕೆ ಬರುತ್ತದೆ.

ರೋಗ ಹರಡುವ ದಾರಿ ಗೊತ್ತಾದರೆ ಮುಂದಿನದು ಸುಲಭ. ಸತ್ತ ಮರಿಯನ್ನು ಎಳೆದು ಹಾಕುವುದು ದಾದಿ ನೊಣ, ಅಂದರೆ ಮರಿಗಳಿಗೆ ಉಣಿಸುವ ಎಳೆ ನೊಣ. ಎಳೆಯುವಾಗ ಚೀಲ ಒಡೆದು ಆ ನೀರು ಅದರ ಬಾಯಿಗೆ ಹೋಗುತ್ತದೆ. ಅಲ್ಲಿಂದ ವೈರಸ್ ಅದರ ತಲೆಯಲ್ಲಿರುವ, ಮರಿಯ ಆಹಾರ ತಯಾರಿಸುವ ಗ್ರಂಥಿ ಸೇರುತ್ತದೆ. ಮಾರನೆಯ ದಿನ ಅದೇ ನೊಣ ಎರಡು ದಿನದ ಮರಿಗೆ ಉಣಿಸುತ್ತದೆ. ಶುಚಿ ಮಾಡಿದವಳೇ ವಿಷ ಬಡಿಸಿದ ಹಾಗಾಯಿತು. ಒಂದು ಸತ್ತ ಮರಿಯಲ್ಲಿ ಸಾವಿರಾರು ಮರಿಗೆ ಅಂಟಿಸುವಷ್ಟು ವೈರಸ್ ಇರುತ್ತದೆ. ಒಂದು ಸಣ್ಣ ಪುಣ್ಯ ಏನೆಂದರೆ ಹೀಗೆ ಸೋಂಕು ತಗುಲಿದ ದಾದಿ ಪರಾಗ ತಿನ್ನುವುದು ಬಿಡುತ್ತದೆ, ಮರಿ ನೋಡಿಕೊಳ್ಳುವುದನ್ನೂ ಬಿಟ್ಟು ಬೇಗ ಹೊರಗಿನ ಕೆಲಸಕ್ಕೆ ಹೋಗುತ್ತದೆ, ಬೇಗ ಸಾಯುತ್ತದೆ. ಕುಟುಂಬಕ್ಕೆ ನಷ್ಟ, ಆದರೆ ಸರಪಳಿ ಅಷ್ಟರ ಮಟ್ಟಿಗೆ ತುಂಡಾಗುತ್ತದೆ.

ಈಗ ನೀವು ಮಾಡಿದ್ದನ್ನು ನೋಡಿ. ಬೇಜಾರು ಮಾಡಿಕೊಳ್ಳಬೇಡಿ, ನೂರಕ್ಕೆ ತೊಂಬತ್ತು ಜನ ಮಾಡುವುದು ಇದನ್ನೇ, ಮೊದಮೊದಲು ನಾನೂ ಮಾಡಿಸಿದ್ದೇನೆ. ಸೊರಗಿದ ಪೆಟ್ಟಿಗೆಗೆ ಹೊಸ ಮರಿ ಎರಿ ಕೊಟ್ಟಿರಿ, ಅಂದರೆ ಆರುತ್ತಿದ್ದ ಒಲೆಗೆ ಸೌದೆ ಹಾಕಿದಿರಿ. ರೋಗದ ಎರಿಯನ್ನು ಗಟ್ಟಿ ಪೆಟ್ಟಿಗೆಗೆ ಇಟ್ಟಿರಿ, ಅಂದರೆ ಕೆಂಡ ತೆಗೆದುಕೊಂಡು ಹೋಗಿ ಪಕ್ಕದ ಮನೆಯ ಒಲೆಗೆ ಹಾಕಿದಿರಿ. ಉಳಿದದ್ದು ನಿಮ್ಮ ಕೈ, ಎರಿ ಎಬ್ಬಿಸುವ ಉಳಿ, ತುಪ್ಪ ಕದಿಯಲು ಬರುವ ಪಕ್ಕದ ನೊಣಗಳು ಮಾಡಿವೆ.

ಹಾಗಾದರೆ ಏನು ಮಾಡಬಹುದು? ಎಲ್ಲ ಪೆಟ್ಟಿಗೆಗೂ ಒಂದೇ ಮದ್ದಿಲ್ಲ. ಒಂದು ಭಾನುವಾರ ಕೂತು ವಿಂಗಡಿಸಿ. ಆರೋಗ್ಯವಾಗಿರುವ ಐದನ್ನು ಮೊದಲು ನೋಡಿ, ರೋಗದ ಐದನ್ನು ಕೊನೆಗೆ. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹೋಗುವಾಗ ಕೈ ಸೋಪಿನಲ್ಲಿ ತೊಳೆಯಿರಿ, ಉಳಿಯನ್ನು ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ಅದ್ದಿ.

ಒಂದೋ ಎರಡೋ ಎರಿಯಷ್ಟು ಮಾತ್ರ ನೊಣ ಉಳಿದಿರುವ ರೋಗದ ಪೆಟ್ಟಿಗೆ ಇದ್ದರೆ ಅದನ್ನು ಬಿಟ್ಟುಬಿಡಿ. ಅಂದರೆ ಸಂಜೆ ಎಲ್ಲ ಒಳಗೆ ಬಂದ ಮೇಲೆ ಬಾಗಿಲು ಮುಚ್ಚಿ, ನೊಣ ಎರಿ ಸಮೇತ ಸುಡುವುದು. ಇದನ್ನು ಹೇಳುವಾಗ ಎದುರಿನವರ ಮುಖ ಹೇಗಾಗುತ್ತದೆ ಅಂತ ನನಗೆ ಗೊತ್ತು. ಇನ್ನೊಂದು ಪೆಟ್ಟಿಗೆಗೆ ಸೇರಿಸಿದರೆ ಆಗದಾ ಅಂತ ಕೇಳುತ್ತಾರೆ. ಆಗುವುದಿಲ್ಲ, ಆ ದಾದಿಗಳು ವೈರಸ್ ಹೊತ್ತುಕೊಂಡೇ ಹೋಗುತ್ತವೆ.

ನಾಲ್ಕು ಎರಿಗಿಂತ ಹೆಚ್ಚು ನೊಣ ಇರುವ ರೋಗದ ಪೆಟ್ಟಿಗೆ ಉಳಿಸಬಹುದು. ಸತ್ತ ಮರಿ ಇರುವ ಎರಿಗಳನ್ನೆಲ್ಲ ತೆಗೆದು ಸುಟ್ಟು, ರಾಣಿಯನ್ನು ಸಣ್ಣ ಪಂಜರದಲ್ಲಿ ಹಾಕಿ ಮರಿ ಬೆಳೆಯುವ ಸಂಸಾರ ಕೋಣೆಯಲ್ಲೇ ಮೂರು ವಾರದಷ್ಟು ಇಡಿ. ತುಡುವೆಯ ದುಡಿಮೆಗಾರ ನೊಣ ಮೊಟ್ಟೆಯಿಂದ ಹೊರಬರಲು 19–20 ದಿನ ಬೇಕು. ಅಷ್ಟು ದಿನ ಹೊಸ ಮೊಟ್ಟೆ ಇಲ್ಲದಿದ್ದರೆ ಉಣ್ಣುವ ಮರಿಯೇ ಇಲ್ಲ, ವೈರಸ್ಸಿಗೆ ಮನೆಯಿಲ್ಲ. ಎರಿ ಕಡಿಮೆ ಮಾಡಿ ನೊಣ ಒತ್ತೊತ್ತಾಗಿ ಇರುವ ಹಾಗೆ ನೋಡಿಕೊಳ್ಳಿ, ಸಕ್ಕರೆ ಪಾಕ ಕೊಡಿ. ಅಪಾಯವೂ ಇದೆ: ಹಳೆ ನೊಣ ಸಾಯುತ್ತಿರುತ್ತವೆ, ಹೊಸತು ಹುಟ್ಟುವುದಿಲ್ಲ, ಮೂರು ವಾರದಲ್ಲಿ ಕುಟುಂಬ ಅರ್ಧಕ್ಕಿಳಿಯಬಹುದು. ತುಡುವೆಯ ಸ್ವಭಾವ ನಿಮಗೆ ಗೊತ್ತೇ ಇದೆ, ಜಾಸ್ತಿ ಕೆಣಕಿದರೆ ಎದ್ದು ಹೋಗುತ್ತದೆ. ಹಾಗಾಗಿ ಮೂರು ದಿನಕ್ಕೊಮ್ಮೆ ಮುಚ್ಚಳ ತೆಗೆದು ನೋಡುವ ಚಪಲ ಬೇಡ.

ಇದಕ್ಕಿಂತ ನನಗೆ ಇಷ್ಟವಾದ ದಾರಿ ರಾಣಿಯನ್ನೇ ಬದಲಿಸುವುದು. ರೋಗದ ಪೆಟ್ಟಿಗೆಯ ರಾಣಿಯನ್ನು ತೆಗೆದು, ಒಂದೆರಡು ದಿನ ಬಿಟ್ಟು, ನಿಮ್ಮ ಆರೋಗ್ಯವಂತ ಪೆಟ್ಟಿಗೆಯಲ್ಲಿ ಕಟ್ಟಿದ ಮುಚ್ಚಿದ ರಾಣಿ ಕಣವನ್ನು ಕತ್ತರಿಸಿ ತಂದು ಅಂಟಿಸುವುದು. ಹೊಸ ರಾಣಿ ಹುಟ್ಟಿ, ಹಾರಿ, ಮೊಟ್ಟೆ ಶುರು ಮಾಡುವಷ್ಟರಲ್ಲಿ ಎರಡು ಮೂರು ವಾರದ ಬಿಡುವು ತಾನಾಗಿ ಸಿಗುತ್ತದೆ, ಜೊತೆಗೆ ತಳಿಯೂ ಬದಲಾಗುತ್ತದೆ. ಆದರೆ ಗಂಡು ನೊಣ ಹಾರಾಡುವ ಕಾಲ ಆಗಿರಬೇಕು. ಇಲ್ಲದಿದ್ದರೆ ರಾಣಿ ಫಲವಾಗದೆ ಉಳಿದು, ದುಡಿಮೆಗಾರ ನೊಣಗಳೇ ಮೊಟ್ಟೆ ಇಡಲು ಶುರು ಮಾಡುತ್ತವೆ. ಅಲ್ಲಿಗೆ ಆ ಕುಟುಂಬ ಮುಗಿಯಿತು. ಕುಟುಂಬ ಒಡೆದು ಎರಡಾಗುವ, ಅಂದರೆ ಪಾಲಾಗುವ ಕಾಲ ಹತ್ತಿರ ಬಂದು ಪೆಟ್ಟಿಗೆಯಲ್ಲಿ ಗಂಡು ಮರಿ ಕಂಡರೆ ಮಾತ್ರ ಈ ಕೆಲಸಕ್ಕೆ ಕೈಹಾಕಿ.

ಯಾವ ಪೆಟ್ಟಿಗೆಯ ತಳಿ ಆರಿಸಬೇಕು? ಜಾಸ್ತಿ ತುಪ್ಪ ಕೊಡುವುದು ಅನ್ನಬೇಡಿ. ಸುತ್ತ ರೋಗ ಇದ್ದಾಗಲೂ ಎರಡು ಹಂಗಾಮು ಕಾಯಿಲೆ ಬೀಳದ್ದು. ಜೊತೆಗೆ ಒಂದು ಪರೀಕ್ಷೆ ಮಾಡಿ. ಮುಚ್ಚಿದ ಮರಿ ಇರುವ ಎರಿಯಲ್ಲಿ ಐವತ್ತು ಕಣ ಗುರುತು ಮಾಡಿ, ತೆಳು ಗುಂಡುಸೂಜಿಯಿಂದ ಮುಚ್ಚಳದ ಮೂಲಕ ಒಳಗಿನ ಮರಿಯನ್ನು ಚುಚ್ಚಿ ಕೊಲ್ಲಿ. ಮಾರನೇ ದಿನ ಅದೇ ಹೊತ್ತಿಗೆ ಎಷ್ಟು ಕಣ ಖಾಲಿಯಾಗಿವೆ ಎಣಿಸಿ. ಬಹುಪಾಲು ಎಲ್ಲ ಗುಡಿಸಿ ಹಾಕಿದ್ದರೆ ಚುರುಕು ಕುಟುಂಬ. ಸತ್ತ ಮರಿ ಎಳೆದವಳಿಗೇ ವೈರಸ್ ತಗುಲುತ್ತದೆ ಅಂದಿರಲ್ಲ, ಮತ್ತೆ ಇದು ಹೇಗೆ ಒಳ್ಳೆಯದು ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಚೀಲ ತುಂಬುವ ಮೊದಲೇ, ಮರಿಯ ವಾಸನೆ ಬದಲಾದ ಕೂಡಲೇ ಎಳೆದು ಹಾಕುವ ಕುಟುಂಬಕ್ಕೆ ಲಾಭ, ತಡ ಮಾಡಿ ಎಳೆಯುವ ಕುಟುಂಬಕ್ಕೆ ನಷ್ಟ. ಕೊರಿಯಾದಲ್ಲೂ 2009ರ ಸುಮಾರಿಗೆ ಇದೇ ವೈರಸ್ ತುಡುವೆ ಜಾತಿಯ ಬಹುಪಾಲು ಕುಟುಂಬಗಳನ್ನು ತೆಗೆಯಿತು, ಅವರೂ ಉಳಿದ ಕುಟುಂಬಗಳಿಂದಲೇ ತಡೆದುಕೊಳ್ಳುವ ತಳಿ ಆರಿಸಿ ಬೆಳೆಸಿದರು.

ಇಲ್ಲೊಂದು ತಪ್ಪೊಪ್ಪಿಗೆ. 2006ರಲ್ಲಿ ಜೇನಿನ ವಂಶವಾಹಿಗಳ ಪೂರ್ತಿ ಪಟ್ಟಿ ಬಂದಾಗ, ರೋಗ ತಡೆಯುವ ಜೀನುಗಳು ಹಣ್ಣುನೊಣದಲ್ಲಿರುವುದರ ಮೂರನೇ ಒಂದು ಪಾಲು ಮಾತ್ರ ಇವೆ ಅಂತ ಗೊತ್ತಾಯಿತು. ಒಟ್ಟಿಗೆ ಬದುಕಿ ಗೂಡು ಶುಚಿ ಇಡುವುದರಿಂದ ಅವಕ್ಕೆ ಬೇಕಿಲ್ಲ ಅಂತ ನಾವೆಲ್ಲ ತರಬೇತಿಗಳಲ್ಲಿ ಚಪ್ಪಾಳೆ ಗಿಟ್ಟಿಸುವ ಹಾಗೆ ಹೇಳಿದೆವು. ಆಮೇಲೆ 2015ರಲ್ಲಿ ಬಂಬಲ್ ಬೀಯ ಪಟ್ಟಿ ಬಂತು. ಚಿಕ್ಕ ಸಂಸಾರದ ಅದರಲ್ಲೂ, ಒಂಟಿಯಾಗಿ ಬದುಕುವ ಎಲೆಕತ್ತರಿ ಜೇನಿನಲ್ಲೂ ಅಷ್ಟೇ ಕಡಿಮೆ! ಕಥೆ ಅಲ್ಲಿಗೆ ಬಿತ್ತು. ಗೂಡಿನ ಶುಚಿ ದೊಡ್ಡ ರಕ್ಷಣೆ ಅನ್ನುವುದೇನೋ ನಿಜ, ಜೀನು ಕಡಿಮೆ ಇರುವುದಕ್ಕೆ ಕಾರಣ ಮಾತ್ರ ಅದಲ್ಲ. ಈಗಲೂ ಹಳೆ ಕಥೆ ಹೇಳುವವರು ಸಿಕ್ಕರೆ ಅದನ್ನು ಕಲಿಸಿದವರಲ್ಲಿ ನಾನೂ ಒಬ್ಬ.

ಹತ್ತು ಪೆಟ್ಟಿಗೆ ತರಿಸುವ ವಿಷಯ. ಈಗ ತಂದರೆ ನಿಮ್ಮ ರೋಗ ಅವಕ್ಕೆ, ಅವುಗಳ ರೋಗ ಇದ್ದರೆ ನಿಮ್ಮ ಐದಕ್ಕೆ. ಟೊಮೇಟೊ ಹೂವಿನ ಪರಾಗಸ್ಪರ್ಶಕ್ಕೆ ಅಂತ ಯುರೋಪಿನ ಬಂಬಲ್ ಬೀಯನ್ನು ಚಿಲಿ ದೇಶಕ್ಕೆ ತರಿಸಿಕೊಂಡರು, ಅದು ಬೆಟ್ಟ ದಾಟಿ ಅರ್ಜೆಂಟೀನಾಕ್ಕೂ ಹೋಯಿತು. ಅದು ಹೋದಲ್ಲೆಲ್ಲ ಅಲ್ಲಿನ ಕೆಂಬಣ್ಣದ ದೈತ್ಯ ಬಂಬಲ್ ಬೀ ಕಾಣೆಯಾಗುತ್ತಾ ಬಂತು. ಜೊತೆಗೆ ಬಂದ ಪರಾವಲಂಬಿಗಳ ಕೈವಾಡವೂ ಇದೆ ಅನ್ನುವುದು ಬಲವಾದ ಅನುಮಾನ. ನಿಮಗೆ ನೊಣ ಬೇಕೇ ಬೇಕೆಂದರೆ ಹತ್ತಿರದ ಕಾಡಿನ ಹುತ್ತದಲ್ಲೋ ಮರದ ಪೊಟರೆಯಲ್ಲೋ ಇರುವ ಕುಟುಂಬ ಹಿಡಿಯಿರಿ, ಯಾರೂ ಪಾಕ ಕೊಡದೆ, ಔಷಧಿ ಹಾಕದೆ ಬದುಕಿದ್ದು ಅದು. ಹಿಡಿದದ್ದನ್ನೂ ಒಂದು ತಿಂಗಳು ತೋಟದ ಇನ್ನೊಂದು ಮೂಲೆಯಲ್ಲಿ ಬೇರೆ ಇಟ್ಟು, ಮರಿ ನೋಡಿ ಆಮೇಲೆ ಸೇರಿಸಿ.

ಖಾಲಿಯಾದ ಪೆಟ್ಟಿಗೆಗಳನ್ನು ಸುಡಬೇಕಿಲ್ಲ. ಹಳೆ ಎರಿ ತೆಗೆದು ಸುಟ್ಟು, ಮೇಣ ಕೆರೆದು, ಒಳಮೈಗೆ ಬೆಂಕಿ ಜ್ವಾಲೆ ಹಾಯಿಸಿ, ಒಂದೆರಡು ತಿಂಗಳು ಬಿಸಿಲಿಗೆ ಬಿಡಿ. ಒಣಗಿದ ಸಿಪ್ಪೆಯಲ್ಲಿ ಈ ವೈರಸ್ ಕೆಲವು ವಾರಗಳಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಹಳೆ ಎರಿ ಹಾಗೇ ಬಿಟ್ಟರೆ ಮೇಣದ ಪತಂಗ ಸೇರಿಕೊಳ್ಳುತ್ತದೆ, ಅದು ಬೇರೆಯೇ ತಲೆನೋವು.

ತುಪ್ಪ ಧಾರಾಳವಾಗಿ ತಿನ್ನಿ, ಮಕ್ಕಳಿಗೂ ಕೊಡಿ (ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ಯಾವ ಜೇನುತುಪ್ಪವೂ ಬೇಡ, ಅದಕ್ಕೆ ಕಾರಣ ಬೇರೆ). ಈ ವೈರಸ್ ಮನುಷ್ಯರಿಗೆ ಅಂಟುವುದಿಲ್ಲ. ಆದರೆ ರೋಗದ ಪೆಟ್ಟಿಗೆಯ ತುಪ್ಪವನ್ನು ಬೇರೆ ನೊಣಗಳಿಗೆ ಮೇವಾಗಿ ಇಡಬೇಡಿ. ತುಪ್ಪ ತೆಗೆದ ಎರಿಯನ್ನು ನೆಕ್ಕಲಿ ಪಾಪ ಅಂತ ಅಂಗಳದಲ್ಲಿ ಇಡುತ್ತೀರಲ್ಲ, ಈ ವರ್ಷ ಅದೂ ಬೇಡ.